ಹಾಕದೆ ಬಿಟ್ಟ ಚುಕ್ಕೆ

ಶಾಂತಲಾ ಒಳ್ಳೆಯ ಕಲಾವಿದೆ, ಒಳ್ಳೆಯ ಹೆಂಗಸಲ್ಲ. ತನ್ನದು ಎಂದು ಒಮ್ಮೆ ಅಂದುಕೊಂಡದ್ದನ್ನು ಕೂದಲೆಳೆಯಷ್ಟೂ ಬಿಟ್ಟುಕೊಡುವವಳಲ್ಲ. ತನ್ನ ಮಾತಿಗೆ ಎದುರಿನವರ ಮುಖ ಸಣ್ಣದಾದರೆ ಅದು ಅವಳಿಗೆ ಕಾಣುತ್ತದೆ, ನಾಟುವುದಿಲ್ಲ. ಯಲಹಂಕ ನ್ಯೂಟೌನಿನಲ್ಲಿ ಅವಳನ್ನು ಬಲ್ಲವರೆಲ್ಲ, ಅವಳ ಗಂಡ ಸತೀಶನನ್ನೂ ಸೇರಿಸಿ, ಈ ಮಾತನ್ನು ಒಪ್ಪುತ್ತಾರೆ. ಅವಳನ್ನೇ ಕೇಳಿದರೂ ಅಲ್ಲವೆನ್ನಲಿಕ್ಕಿಲ್ಲ.

ಕಾಂಡಿಮೆಂಟ್ಸ್ ಅಂಗಡಿಯೊಂದರ ಮೇಲಿನ ಎರಡು ಕೋಣೆ ಅವಳ ಸ್ಟುಡಿಯೊ. ಕೆಳಗಿನಿಂದ ಬಿಸಿ ಬನ್ನಿನ ವಾಸನೆ, ಒಳಗೆ ಡೆಟಾಲಿನ ವಾಸನೆ. ಅಲ್ಲಿ ಹಚ್ಚೆ ಹಾಕಿಸಿಕೊಂಡು ಇಳಿದವರಷ್ಟೇ ಜನ ಬೈಸಿಕೊಂಡು ಇಳಿದಿದ್ದಾರೆ. ಪ್ರೀತಿಸಿದ ಹುಡುಗಿಯ ಹೆಸರು ಬೇಕೆಂದು ಬಂದ ಕಾಲೇಜು ಹುಡುಗನಿಗೆ, ಸಂಕ್ರಾಂತಿ ಕಳೆದು ಬಾ, ಆಗಲೂ ಇದೇ ಹೆಸರಿದ್ದರೆ ನೋಡೋಣ ಎಂದು ಕಳಿಸಿದಳು. ಹೊಟ್ಟೆಯ ಮೇಲೆ ಸಿನಿಮಾ ನಟನ ಮುಖ ಕೇಳಿದ ರಿಯಲ್ ಎಸ್ಟೇಟಿನವನಿಗೆ, ನಿಮ್ಮ ಹೊಟ್ಟೆ ಬೆಳೆದ ಹಾಗೆ ಅವರ ಕೆನ್ನೆಯೂ ಊದುತ್ತದೆ, ಆಮೇಲೆ ಅಭಿಮಾನಿಗಳು ನನ್ನನ್ನು ಹುಡುಕಿಕೊಂಡು ಬರುತ್ತಾರೆ ಎಂದಳು. ಬೈಸಿಕೊಂಡವರಲ್ಲಿ ಅರ್ಧ ಜನ ಮತ್ತೆ ಬಂದರು. ಅವಳು ಎಳೆದ ಗೆರೆ ಹಾಗಿರುತ್ತಿತ್ತು. ಗಾಯ ಮಾಗಿ ಚರ್ಮ ತಣ್ಣಗಾದ ಮೇಲೂ ಅದು ಹರಡುತ್ತಿರಲಿಲ್ಲ, ಮಾಸುತ್ತಿರಲಿಲ್ಲ.

ತಾಯಿ ಬೇಗ ತೀರಿಕೊಂಡಿದ್ದರಿಂದ ಅವಳನ್ನು ಅಲ್ಲಾಳಸಂದ್ರದ ಮನೆಯಲ್ಲಿ ಬೆಳೆಸಿದವರು ಸೋದರತ್ತೆ ಗಂಗರತ್ನಮ್ಮ. ಸರ್ಕಾರಿ ಶಾಲೆಯಲ್ಲಿ ಹೆಡ್‌ಮಿಸ್ ಆಗಿ ನಿವೃತ್ತರಾದವರು, ಮದುವೆಯಾದವರಲ್ಲ, ಹೆಚ್ಚು ಮಾತನಾಡುವವರೂ ಅಲ್ಲ. ಚಿತ್ರಕಲೆ ಓದಿ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರಾಗಿದ್ದ ಶಾಂತಲಾ, ಆ ಕೆಲಸ ಬಿಟ್ಟು ಹಚ್ಚೆ ಹಾಕಲು ಕಲಿಯುತ್ತೇನೆಂದಾಗ ನೆಂಟರೆಲ್ಲ ಹೌಹಾರಿದರು. ಅತ್ತೆ ಮಾತ್ರ, ಹೆಂಗಸರು ಚರ್ಮ ಚುಚ್ಚಿ ಬದುಕುವುದು ಹೊಸದೇನಲ್ಲ, ಚುಚ್ಚುವುದಾದರೆ ನೆಟ್ಟಗೆ ಚುಚ್ಚು ಎಂದರು.

ಅತ್ತೆಯ ಬಲ ಮುಂಗೈಯಲ್ಲೇ ಒಂದು ಹಚ್ಚೆಯಿತ್ತು. ಒಂದರೊಳಗೊಂದು ಹೆಣೆದುಕೊಂಡ ಗೆರೆಗಳ ಚೌಕ, ಅದರ ಸುತ್ತ ಚುಕ್ಕೆಗಳ ಸಾಲು, ವರ್ಷಗಳು ಕಳೆದು ಹಸಿರುಗಟ್ಟಿದ ಬಣ್ಣ. ಮಣಿಕಟ್ಟಿನ ಕಡೆಯ ಒಂದು ಮೂಲೆಯಲ್ಲಿ ಚುಕ್ಕೆ ಇರಲಿಲ್ಲ. ಶಾಂತಲಾ ಒಮ್ಮೆ ಕೇಳಿದ್ದಳು. ಅತ್ತೆ ಕೈ ತಿರುಗಿಸಿ ನೋಡಿಕೊಂಡು, ಅದು ಹಾಗೇ ಎಂದು ಹೇಳಿ ಅಕ್ಕಿ ಆರಿಸುವುದನ್ನು ಮುಂದುವರಿಸಿದರು. ಹಚ್ಚೆಯವಳ ಕೈ ತಪ್ಪಿರಬೇಕು ಎಂದು ಶಾಂತಲಾ ತಿಳಿದಳು.

ಅತ್ತೆ ಹೋದ ಮೇಲೆ ಆ ಚೌಕವನ್ನು ಅವಳು ತನ್ನ ಕೆಲಸಕ್ಕೆ ತೆಗೆದುಕೊಂಡಳು. ಗೆರೆಗಳ ದಪ್ಪ ಬದಲಿಸಿದಳು, ತೋಳಿಗೆ, ಬೆನ್ನಿಗೆ, ಕಣಕಾಲಿಗೆ ಹೊಂದುವ ಹಾಗೆ ಹಿಗ್ಗಿಸಿದಳು, ಕುಗ್ಗಿಸಿದಳು. ‘ಗಂಗರತ್ನಮ್ಮನ ಕೈ’ ಎಂದು ಹೆಸರಿಟ್ಟು ಇನ್‌ಸ್ಟಾಗ್ರಾಮಿನಲ್ಲಿ ಹಾಕಿದ ಮೇಲೆ ಅದೇ ಅವಳ ಗುರುತಾಯಿತು. ಎಲ್ಲೆಲ್ಲಿಂದಲೋ ಹೆಂಗಸರು ಬಂದು ಅದನ್ನೇ ಕೇಳಿದರು. ಮೂಲೆಯ ಚುಕ್ಕೆಯನ್ನು ಮಾತ್ರ ಅವಳು ಯಾರಿಗೂ ಹಾಕಲಿಲ್ಲ. ಅತ್ತೆಯ ಕೈಯಲ್ಲಿದ್ದ ತಪ್ಪು ಹಾಗೇ ಇರಲಿ ಎಂಬುದು ಒಂದು ಕಾರಣ. ಇನ್ನೊಂದನ್ನು ಸತೀಶನಿಗೆ ಮಾತ್ರ ಹೇಳಿದ್ದಳು. ಯಾರಾದರೂ ಈ ವಿನ್ಯಾಸ ಕದ್ದರೆ ತಪ್ಪನ್ನೂ ಸೇರಿಸಿಯೇ ಕದಿಯುತ್ತಾರೆ, ಆಗ ಸಿಕ್ಕಿಬೀಳುತ್ತಾರೆ.

ಬೆಂಗಳೂರಿನ ಹಚ್ಚೆಗಾರರದು ಆನ್‌ಲೈನಿನಲ್ಲಿ ಒಂದು ಬಳಗವಿದೆ. ಯಾವ ಸೂಜಿ ಮೊಂಡು, ಯಾವ ಶಾಯಿ ಕೆರೆತ ತರಿಸುತ್ತದೆ, ಯಾವ ಗಿರಾಕಿ ಅಡ್ವಾನ್ಸ್ ಕೊಟ್ಟು ನಾಪತ್ತೆಯಾದ, ಎಲ್ಲ ಅಲ್ಲಿ ಚರ್ಚೆಯಾಗುತ್ತದೆ. ಆಗಷ್ಟೇ ಹಾಕಿದ, ಕೆಂಪಗೆ ಊದಿಕೊಂಡ ಹಚ್ಚೆಯ ಫೋಟೊ ಹಾಕಿ ಮೆರೆಯುವವರನ್ನು ಅಲ್ಲಿ ಯಾರೂ ಲೆಕ್ಕಕ್ಕಿಡುವುದಿಲ್ಲ. ಮಾಗಿದ ಮೇಲೆ ತೋರಿಸು ಎನ್ನುತ್ತಾರೆ. ಇನ್ನೊಬ್ಬರ ವಿನ್ಯಾಸ ಕದಿಯುವುದಕ್ಕಿಂತ ದೊಡ್ಡ ಪಾಪ ಅಲ್ಲಿಲ್ಲ. ಶಾಂತಲಾಳ ಒಂದು ಸಾಲಿಗೆ ಅಲ್ಲಿ ಎಲ್ಲರೂ ಕಾಯುತ್ತಿದ್ದರು, ಹೆದರುತ್ತಲೂ ಇದ್ದರು. ‘ಗೆರೆ ನಡುಗಿದೆ’ ಎಂದು ಅವಳು ಬರೆದರೆ ಆ ಫೋಟೊ ಸಂಜೆಯೊಳಗೆ ಮಾಯವಾಗುತ್ತಿತ್ತು.

ಆ ಬಳಗದಲ್ಲಿ ಒಂದು ದಿನ ಯಶವಂತಪುರದ ಅಬ್ರಾರ್ ಒಂದು ಫೋಟೊ ಹಾಕಿದ. ಮಾರ್ಕೆಟ್ ಯಾರ್ಡಿನ ಹಿಂದಿನ ಗಲ್ಲಿಯಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡವನು. ಅವನ ತಂಗಿ ಲೈಬಾ ಮದುವೆಮನೆಗಳಲ್ಲಿ ಮೆಹಂದಿ ಹಾಕುತ್ತಾಳೆ, ಅಣ್ಣನ ಇನ್‌ಸ್ಟಾಗ್ರಾಮ್ ಪುಟವನ್ನೂ ಅವಳೇ ನೋಡಿಕೊಳ್ಳುತ್ತಾಳೆ. ಫೋಟೊದಲ್ಲಿ ಒಬ್ಬ ಹುಡುಗಿಯ ಮುಂಗೈ, ಹೆಣೆದ ಗೆರೆಗಳ ಚೌಕ, ಸುತ್ತ ಚುಕ್ಕೆ. ಶಾಂತಲಾ ಫೋಟೊ ದೊಡ್ಡದು ಮಾಡಿ ಮೂಲೆಗೆ ಹೋದಳು. ಮಣಿಕಟ್ಟಿನ ಕಡೆ, ಅದೇ ಮೂಲೆಯಲ್ಲಿ, ಚುಕ್ಕೆ ಇರಲಿಲ್ಲ.

ಅವಳಿಗೆ ಸಿಟ್ಟು ಬರಲಿಲ್ಲ, ಸಮಾಧಾನವಾಯಿತು. ಬೋನಿಗೆ ಇಲಿ ಬಿದ್ದ ಸದ್ದು ಕೇಳಿದವರಿಗೆ ಆಗುವಂಥದ್ದು. ತನ್ನ ಫೋಟೊ, ಅವನ ಫೋಟೊ ಅಕ್ಕಪಕ್ಕ ಇಟ್ಟು, ಎರಡರ ಮೂಲೆಗೂ ಕೆಂಪು ಸುತ್ತು ಹಾಕಿ, ಕೆಳಗೆ ಬರೆದಳು: ‘ಇದು ನನ್ನ ಅತ್ತೆಯ ಕೈಗೆ ಹಚ್ಚೆ ಹಾಕಿದವಳು ಮಾಡಿದ ತಪ್ಪು. ಅಬ್ರಾರ್ ಅವರು ಅದನ್ನೂ ಬಿಡದೆ ಕದ್ದಿದ್ದಾರೆ.’

ಬಳಗ ಉಳಿದದ್ದನ್ನು ಮಾಡಿತು. ಗುರು, ಬೇರೆ ಕಸುಬು ನೋಡ್ಕೋ ಎಂದು ಒಬ್ಬ ಬರೆದ. ಮಗಾ, ಜೆರಾಕ್ಸ್ ಅಂಗಡಿ ಇಡು, ಮೆಷಿನ್ ನಾನು ಕೊಡಿಸ್ತೀನಿ ಎಂದು ಇನ್ನೊಬ್ಬ. ಅವನ ಪುಟಕ್ಕೆ ಹೋಗಿ ಹಳೆಯ ಫೋಟೊಗಳ ಕೆಳಗೆಲ್ಲ ಕಳ್ಳ ಎಂದು ಬರೆದು ಬಂದರು. ದಿನ ಗೊತ್ತುಮಾಡಿಕೊಂಡಿದ್ದ ಗಿರಾಕಿಗಳು ಒಬ್ಬೊಬ್ಬರಾಗಿ ಹಿಂದೆ ಸರಿದರು. ನಾಗಸಂದ್ರದ ಹತ್ತಿರದ ದೊಡ್ಡ ಸಭಾಂಗಣದಲ್ಲಿ ನಡೆಯಲಿದ್ದ ಹಚ್ಚೆ ಸಮಾವೇಶದಲ್ಲಿ ಅವನಿಗೆ ಮೊದಲ ಸಲ ಒಂದು ಟೇಬಲ್ ಸಿಕ್ಕಿತ್ತು. ನಡೆಸುವವರು ಅದನ್ನು ವಾಪಸು ತೆಗೆದುಕೊಂಡರು. ಅಬ್ರಾರ್ ಒಂದೇ ಸಲ ಉತ್ತರ ಬರೆದ. ಈ ಹಚ್ಚೆಯನ್ನು ಗಿರಾಕಿಯ ಅಜ್ಜಿಯ ಕೈ ನೋಡಿ ಬಿಡಿಸಿದ್ದು, ಅಜ್ಜಿ ಚಿಕ್ಕಬಾಣಾವರದಲ್ಲಿದ್ದಾರೆ, ಬೇಕಾದರೆ ಹೋಗಿ ನೋಡಿ ಎಂದು. ಎಲ್ಲ ಕಳ್ಳರಿಗೂ ಒಬ್ಬ ಅಜ್ಜಿ ಇರ್ತಾಳೆ ಎಂದು ಯಾರೋ ಅದರ ಕೆಳಗೆ ಬರೆದರು. ಜನ ನಕ್ಕರು.

ಶಾಂತಲಾ ನಗಲಿಲ್ಲ. ಅವಳು ಕೆಲಸವನ್ನು ಅರ್ಧಕ್ಕೆ ಬಿಡುವವಳಲ್ಲ. ಅಜ್ಜಿ ಇಲ್ಲವೆಂದೋ, ಅಜ್ಜಿಯ ಕೈ ಬೋಳು ಎಂದೋ ಕಣ್ಣಾರೆ ನೋಡಿ ಬಂದು ಬರೆದರೆ ಈ ವಿಷಯ ಮುಗಿಯುತ್ತದೆ ಎಂದು ಲೆಕ್ಕ ಹಾಕಿದಳು. ಅಬ್ರಾರನಿಂದಲೇ ವಿಳಾಸ ತರಿಸಿಕೊಂಡು, ಎಂ.ಎಸ್. ಪಾಳ್ಯದ ಟ್ರಾಫಿಕ್ಕಿನಲ್ಲಿ ಸ್ಕೂಟರ್ ನುಗ್ಗಿಸಿಕೊಂಡು ಚಿಕ್ಕಬಾಣಾವರಕ್ಕೆ ಹೋದಳು.

ರೈಲ್ವೆ ಸ್ಟೇಷನ್ನಿನ ಆಚೆ, ಬಾಡಿಗೆ ಮನೆಗಳನ್ನು ಒಂದರ ಮೇಲೊಂದು ಪೇರಿಸಿದ ಒಂದು ಕಟ್ಟಡದ ನೆಲಮಹಡಿಯಲ್ಲಿ ಯಲ್ಲಮ್ಮ ಸಿಕ್ಕಿದರು. ಬಾಗಿಲ ಮುಂದೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಪಕ್ಕದಲ್ಲಿ ಓರಗಿತ್ತಿ ಚನ್ನಕ್ಕ. ಮೊಮ್ಮಗಳ ಹಚ್ಚೆಯ ವಿಚಾರ ಎಂದು ಹೇಳಿದ್ದೇ ತಡ, ಯಲ್ಲಮ್ಮ ಕೈ ಮುಂದೆ ಚಾಚಿದರು. ಸುಕ್ಕುಗಟ್ಟಿದ ಚರ್ಮದ ಮೇಲೆ ಅತ್ತೆಯ ಚೌಕವೇ ಇತ್ತು. ಗೆರೆ ಅದೇ, ಹೆಣಿಗೆ ಅದೇ, ಇಲ್ಲದ ಚುಕ್ಕೆಯೂ ಅದೇ.

ಶಾಂತಲಾ ಆ ಖಾಲಿ ಮೂಲೆಯ ಮೇಲೆ ಹೆಬ್ಬೆರಳು ಆಡಿಸಿ ನೋಡಿದಳು. ಆಮೇಲೆ ಯಾವ ಊರಿನವರೆಂದು ಕೇಳಿದಳು. ತಾನೂ ಚನ್ನಕ್ಕನೂ ಅಲ್ಲಾಳಸಂದ್ರದ ಹೆಣ್ಣುಮಕ್ಕಳು, ಒಂದೇ ಮನೆಗೆ ಸೊಸೆಯಾಗಿ ಬಂದವರು ಎಂದರು ಯಲ್ಲಮ್ಮ. ಈ ಮೂಲೆಯಲ್ಲಿ ಚುಕ್ಕೆ ಮರೆತುಹೋಗಿದೆಯಲ್ಲ ಎಂದಳು ಶಾಂತಲಾ.

“ಮರ್ತಿದ್ದಲ್ಲ ಕಣಮ್ಮ, ಅದು ಮಗಿನ ಚುಕ್ಕೆ,” ಎಂದರು ಯಲ್ಲಮ್ಮ. “ನಮ್ಮೂರಿನ ಉಡುಗೀರ್ಗೆಲ್ಲ ಒಬ್ಳೇ ಅಚ್ಚೆ ಉಯ್ಯೋಳು. ಆ ಮೂಲೆ ಮಾತ್ರ ಬುಟ್‌ಬುಡೋಳು. ಚೊಚ್ಚಲು ಬಾಣಂತನಕ್ಕೆ ತವ್ರಿಗೆ ಬಂದಾಗ ಆ ಚುಕ್ಕೆ ಇಕ್ಕಿ, ಒಂದು ಸೀರೆ ಇಸ್ಕಂಡು ಓಗೋಳು.”

ಯಲ್ಲಮ್ಮನಿಗೆ ಐದು ಮಕ್ಕಳೆಂದು ತಿಳಿದು, ಹಾಗಾದರೆ ನಿಮಗೇಕೆ ಇಕ್ಕಲಿಲ್ಲ ಎಂದು ಶಾಂತಲಾ ಕೇಳಿದ್ದಕ್ಕೆ ಚನ್ನಕ್ಕನೇ ಉತ್ತರ ಹೇಳಿದರು. ಯಲ್ಲಮ್ಮನಿಗೆ ತಾಯಿ ಇರಲಿಲ್ಲ, ಬಾಣಂತನವೆಲ್ಲ ಗಂಡನ ಮನೆಯಲ್ಲೇ ಆಯಿತು, ಹಚ್ಚೆಯವಳು ಈ ಕಡೆ ಕಾಲಿಡಲಿಲ್ಲ. ಯಲ್ಲಮ್ಮ ಅವರೆಕಾಯಿ ಸಿಪ್ಪೆಯನ್ನು ಪಕ್ಕಕ್ಕೆ ಎಸೆದು ನಕ್ಕರು. “ಮೈಯೆಲ್ಲ ಮುದುಕಿ ಆಯ್ತು, ನನ್ ಕೈ ಮಾತ್ರ ಇನ್ನೂ ಉಡುಗೀದೇ ನೋಡು.”

ಚನ್ನಕ್ಕ ತನ್ನ ಕೈ ತೋರಿಸಿದರು. ಅಲ್ಲಿ ಮೂಲೆಯ ಚುಕ್ಕೆ ಇತ್ತು. ಶಾಂತಲಾ ಮೊಬೈಲಿನ ಟಾರ್ಚ್ ಹಾಕಿ ಬಗ್ಗಿ ನೋಡಿದಳು. ಉಳಿದ ಚುಕ್ಕೆಗಳಿಗಿಂತ ಅದು ಒಂದು ಚೂರು ದೊಡ್ಡದು, ಬಣ್ಣ ಇನ್ನೂ ನೀಲಿ. ಬೇರೆ ವರ್ಷದಲ್ಲಿ, ಬೇರೆ ಸೂಜಿಯಿಂದ ಹಾಕಿದ್ದು. ಅದನ್ನು ಯಾರೂ ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಇಷ್ಟೆಲ್ಲ ವಿಚಾರಿಸುವುದನ್ನು ನೋಡಿ, ನಿಮ್ಮ ಕಡೇಲಿ ಯಾರ ಕೈಯಲ್ಲಿತ್ತು ಈ ಹಚ್ಚೆ ಎಂದು ಯಲ್ಲಮ್ಮ ಕೇಳಿದರು. ಸೋದರತ್ತೆಯ ಕೈಯಲ್ಲಿ ಎಂದಳು.

“ಎಷ್ಟು ಮಕ್ಳು ಅವ್ರಿಗೆ?”

“ಮದುವೆ ಆಗ್ಲಿಲ್ಲ.”

“ಅಂಗಾದ್ರೆ ಸರಿಯಾಗೇ ಐತೆ ಬುಡು,” ಎಂದು ಹೇಳಿ ಯಲ್ಲಮ್ಮ ಮುಂದಿನ ಕಾಯಿಗೆ ಕೈ ಹಾಕಿದರು.

ಹಿಂದಕ್ಕೆ ಬರುವಾಗ ಶಾಂತಲಾ ಸ್ಕೂಟರನ್ನು ನಿಧಾನ ಓಡಿಸಿದಳು. ಅಷ್ಟು ವರ್ಷ ಜೊತೆಯಲ್ಲಿದ್ದ ಅತ್ತೆ ಒಂದು ಮಾತು ಹೇಳಿರಲಿಲ್ಲ. ಆದರೆ ಸುಳ್ಳನ್ನೂ ಹೇಳಿರಲಿಲ್ಲ. ಅದು ಹಾಗೇ ಎಂದಿದ್ದರು. ತಪ್ಪು ಎಂದವಳು ತಾನು. ಯಾರದೋ ಕೈಗೆಲಸವನ್ನು ತನ್ನ ವಿನ್ಯಾಸವೆಂದು, ಆ ಹೆಂಗಸಿನ ಪದ್ಧತಿಯನ್ನು ಕೈತಪ್ಪು ಎಂದು ಊರಿಗೆಲ್ಲ ಸಾರಿ, ಅದನ್ನೇ ಸಾಕ್ಷಿ ಮಾಡಿ ಒಬ್ಬನನ್ನು ಕಳ್ಳನೆಂದಿದ್ದಳು. ಇಷ್ಟನ್ನೂ ಅವಳು ಮನೆ ಮುಟ್ಟುವುದರೊಳಗೆ ಕ್ರಮವಾಗಿ ಯೋಚಿಸಿ ಮುಗಿಸಿದಳು. ಅಳುವುದು ಅವಳ ಪದ್ಧತಿಯಲ್ಲ.

ಸತೀಶ ಕಾರ್ಖಾನೆಯ ಮೊದಲ ಪಾಳಿ ಮುಗಿಸಿ ಬಂದು ಊಟಕ್ಕೆ ಕೂತಿದ್ದ. ಪೂರ್ತಿ ಕೇಳಿಸಿಕೊಂಡು, ಆ ಮುದುಕಿಯರು ಇನ್‌ಸ್ಟಾಗ್ರಾಮ್ ನೋಡುವುದಿಲ್ಲ, ನೀನು ಸುಮ್ಮನಿದ್ದರೆ ಒಂದು ವಾರದಲ್ಲಿ ಎಲ್ಲರೂ ಮರೆಯುತ್ತಾರೆ ಎಂದ. ಅವಳು ಸಾರು ಬಡಿಸಿ ಫೋನ್ ಕೈಗೆತ್ತಿಕೊಂಡದ್ದನ್ನು ನೋಡಿ ತಲೆಯೆತ್ತಿದ.

“ಬರೀತೀಯಾ? ನೀನು ನಂದು ತಪ್ಪು ಅಂತ ಬರೆಯೋ ದಿನ ನಾನು ರಜಾ ಹಾಕಿ ನೋಡ್ಬೇಕು ಕಣೇ.”

“ಹಾಕು,” ಎಂದಳು.

ಅವಳು ಬರೆದದ್ದು ಇಷ್ಟು: ‘ಅಬ್ರಾರ್ ನನ್ನ ವಿನ್ಯಾಸ ಕದ್ದಿಲ್ಲ. ಅದು ನನ್ನ ವಿನ್ಯಾಸವೂ ಅಲ್ಲ. ಅಲ್ಲಾಳಸಂದ್ರದ ಹೆಣ್ಣುಮಕ್ಕಳ ಕೈಗೆ ಒಬ್ಬ ಹೆಂಗಸು ಹಾಕುತ್ತಿದ್ದ ಹಚ್ಚೆ. ಅವಳ ಹೆಸರು ನನಗೆ ಗೊತ್ತಿಲ್ಲ. ಮೂಲೆಯಲ್ಲಿ ಚುಕ್ಕೆ ಬಿಟ್ಟದ್ದು ಅವಳ ತಪ್ಪಲ್ಲ, ಉದ್ದೇಶ. ತಪ್ಪು ನನ್ನದು.’ ಮೊದಲಿನ ಪೋಸ್ಟನ್ನು ಅಳಿಸಿದಳು. ಕ್ಷಮಿಸಿ ಎಂಬ ಮಾತು ಅದರಲ್ಲಿರಲಿಲ್ಲ. ಸತೀಶ ಅದನ್ನು ತೋರಿಸಿದಾಗ, ತಪ್ಪು ತಿದ್ದಿಯಾಯಿತು, ಅದರ ಮೇಲೆ ಹೂ ಮುಡಿಸುವುದೇಕೆ ಎಂದಳು. ಸಮಾವೇಶದವರಿಗೂ ಫೋನ್ ಮಾಡಿ ವಿಷಯ ಹೇಳಿದಳು. ಅವರು ತುಂಬ ಬೇಜಾರು ತೋರಿಸಿ, ಟೇಬಲನ್ನು ಬೇರೆಯವರಿಗೆ ಕೊಟ್ಟಾಗಿದೆ ಎಂದರು. ಅಲ್ಲಿಗೆ ತನ್ನ ಪಾಲಿನದು ಮುಗಿಯಿತೆಂದು ಅವಳು ಮರುದಿನ ಎಂದಿನಂತೆ ಕೆಲಸಕ್ಕೆ ಹೋದಳು. ಬಂದ ಗಿರಾಕಿಗೆ ಎಂದಿನಂತೆ ಬೈದಳು.

ಲೈಬಾಳ ಮೆಸೇಜು ಬಂದದ್ದು ಅದಾಗಿ ಕೆಲವು ದಿನಗಳ ಮೇಲೆ. ಆ ಹುಡುಗಿಗೆ ಬರೆಯುವುದು ಗೊತ್ತಿತ್ತು. ‘ಮೇಡಂ, ನೀವು ಭಾಯ್‌ನ ಕಳ್ಳ ಅಂದಿದ್ದನ್ನ ಎಲ್ಲರೂ ಶೇರ್ ಮಾಡಿದ್ರು. ನೀವು ಅಳಿಸಿದ್ರಿ, ಅವರು ಅಳಿಸಿಲ್ಲ. ಕಳ್ಳ ಅಲ್ಲ ಅಂದಿದ್ದನ್ನ ಯಾರೂ ಶೇರ್ ಮಾಡ್ಲಿಲ್ಲ. ಈ ತಿಂಗಳ ಕೊನೆಗೆ ಅಂಗಡಿ ಖಾಲಿ ಮಾಡ್ತಿದೀವಿ. ನಿಮಗೆ ತಿಳಿಸೋಣ ಅಂತ, ಅಷ್ಟೇ.’

ಶಾಂತಲಾ ಅದನ್ನು ನಂಬದೆ ಹುಡುಕಿದಳು. ನಿಜವಾಗಿತ್ತು. ಕೆಂಪು ಸುತ್ತು ಹಾಕಿದ ಅವಳ ಚಿತ್ರ ಎಲ್ಲ ಕಡೆ ಓಡಾಡುತ್ತಿತ್ತು. ತಪ್ಪು ನನ್ನದು ಎಂದು ಬರೆದದ್ದು ಅವಳ ಪುಟದಲ್ಲೇ, ಹಾಕಿದ ಜಾಗದಲ್ಲೇ ಬಿದ್ದಿತ್ತು. ಅದಕ್ಕೆ ಬಂದ ಕೆಲವೇ ಮಾತುಗಳಲ್ಲಿ ಒಂದು, ಮೇಡಂಗೆ ಯಾರೋ ಹೆದರಿಸಿರಬೇಕು ಎಂದಿತ್ತು. ತಾನು ಮಾಡಿದ ಗಾಯದ ಆಳಕ್ಕೆ ತನ್ನ ತಿದ್ದುಪಡಿ ಇಳಿದಿಲ್ಲ ಎಂಬುದು ಅವಳಿಗೆ ಕಸುಬಿನ ಭಾಷೆಯಲ್ಲೇ ಅರ್ಥವಾಯಿತು. ಮೇಲ್ಚರ್ಮದಲ್ಲೇ ನಿಂತ ಶಾಯಿ ಮಾಗುವುದರೊಳಗೆ ಉದುರಿಹೋಗುತ್ತದೆ. ಆ ದಿನದ ಗಿರಾಕಿಗಳಿಗೆ ಬೇರೆ ದಿನ ಹೇಳಿ ಬಾಗಿಲು ಹಾಕಿದಳು.

ಯಶವಂತಪುರದ ಗಲ್ಲಿಯಲ್ಲಿ ಈರುಳ್ಳಿ ಲಾರಿಗಳ ನಡುವೆ ಅಂಗಡಿ ಹುಡುಕುವುದು ಕಷ್ಟವಾಯಿತು. ಒಳಗೆ ಅರ್ಧ ಸಾಮಾನು ರಟ್ಟಿನ ಡಬ್ಬಗಳಲ್ಲಿತ್ತು. ಅಬ್ರಾರ್ ಗೋಡೆಯಿಂದ ಕನ್ನಡಿ ಇಳಿಸುತ್ತಿದ್ದ. ಅವನ ಎರಡು ಕೈಯಲ್ಲೂ ಒಂದು ಚುಕ್ಕೆಯಷ್ಟೂ ಹಚ್ಚೆ ಇರಲಿಲ್ಲ. ತಂದೆ ಮೊಯಿನುದ್ದೀನ್ ಅವರಿಗೆ ಈ ಕಸುಬು ಹಿಡಿಸದು, ಅದಕ್ಕೆ ತನ್ನ ಮೈಯನ್ನಾದರೂ ಖಾಲಿ ಬಿಟ್ಟಿದ್ದ. ಬಂದವಳು ಯಾರೆಂದು ತಿಳಿದು ಕನ್ನಡಿಯನ್ನು ಕೆಳಗಿಟ್ಟು ಕುರ್ಚಿ ಎಳೆದುಕೊಟ್ಟ. ಲೈಬಾ ಎದ್ದು ಬಾಗಿಲಿಗೆ ಅಡ್ಡ ನಿಂತಳು.

“ಕದ್ದಿದ್ದು ಏನೂ ಉಳಿದಿಲ್ಲ ಮೇಡಂ,” ಎಂದಳು. “ಎಲ್ಲ ಪ್ಯಾಕ್ ಆಗಿದೆ.”

“ಲೈಬಾ,” ಎಂದು ಅಬ್ರಾರ್ ಗದರಿದ.

“ಮೆಷಿನ್ ಪ್ಯಾಕ್ ಮಾಡಿಲ್ಲ ತಾನೆ?” ಎಂದು ಶಾಂತಲಾ ಅವನನ್ನು ಕೇಳಿದಳು. ಇನ್ನೂ ಇಲ್ಲ ಎಂದ. ಅವಳು ಗಿರಾಕಿಯ ಕುರ್ಚಿಯಲ್ಲಿ ಕೂತು ಕುರ್ತಾದ ಬಲತೋಳನ್ನು ಮೇಲಕ್ಕೆ ಮಡಚಿ ಕೈ ಚಾಚಿದಳು. ಆ ಕೈಯನ್ನು ಅವಳು ಇಷ್ಟು ವರ್ಷ ಖಾಲಿ ಬಿಟ್ಟಿದ್ದಳು. ಬಲಗೈಗೆ ತಾನೇ ಹಾಕಿಕೊಳ್ಳಲಾಗದು, ಬೇರೆಯವರ ಗೆರೆಯ ಮೇಲೆ ನಂಬಿಕೆಯಿಲ್ಲ.

ಅಬ್ರಾರ್ ಆ ಕೈಯನ್ನು ನೋಡಿದ, ತಂಗಿಯನ್ನು ನೋಡಿದ. ಯಾವ ಡಿಸೈನ್ ಎಂದು ಕೇಳಿದ.

“ನಿಮ್ಮ ಸ್ವಂತದ್ದು. ನನ್ನದೂ ಬೇಡ, ಯಾವ ಅಜ್ಜೀದೂ ಬೇಡ.”

ಅವನು ಡಬ್ಬದಿಂದ ಹಾಳೆಗಳನ್ನು ತೆಗೆದು ತೋರಿಸಿದ. ಅವಳು ಒಂದೊಂದನ್ನೇ ಬೆಳಕಿಗೆ ಹಿಡಿದು ತಿರುವಿಹಾಕಿದಳು. ಹುಲಿಗಳು, ಗುಲಾಬಿಗಳು, ಎಲ್ಲೋ ನೋಡಿದ ಹಾಗಿದ್ದವು. ಒಂದರ ಮೇಲೆ ಕೈ ನಿಂತಿತು. ಮೂಟೆ ಹೊಲಿಯುವ ದಬ್ಬಳ, ಅದರ ಕಣ್ಣಿನಿಂದ ಸುರುಳಿಯಾಗಿ ಇಳಿದ ಸೆಣಬಿನ ದಾರ. ಯಾರ್ಡಿನಲ್ಲಿ ತಂದೆ ಮೂಟೆ ಹೊಲಿಯುವುದನ್ನು ನೋಡಿ ಬಿಡಿಸಿದ್ದು ಎಂದ. ಇದು ಎಂದಳು. ಆಮೇಲೆ, ದಾರದ ಈ ತಿರುವಿನಲ್ಲಿ ಗೆರೆ ನಡುಗಿದೆ, ಸರಿಮಾಡಿ ಹಾಕಿ ಎಂದಳು. ಅಬ್ರಾರ್ ಹಾಳೆಯನ್ನು ತಿರುಗಿಸಿ ನೋಡಿ, ಅದು ನಡುಕವಲ್ಲ, ದಾರ ಹಳೆಯದು, ಅಲ್ಲಿ ಎಳೆ ಬಿಟ್ಟಿದೆ ಎಂದ. ಅವಳು ಮತ್ತೊಮ್ಮೆ ನೋಡಿದಳು. ಹಾಗೇ ಇರಲಿ ಎಂದಳು.

ಅವನು ಕೈ ತೊಳೆದು ಬಂದು ಗ್ಲೌಸ್ ಹಾಕಿಕೊಂಡ. ಚರ್ಮ ಒರೆಸಿ, ಚಿತ್ರದ ಅಚ್ಚು ಇಳಿಸುವ ಸ್ಟೆನ್ಸಿಲ್ ಒತ್ತಿ, ಒಣಗುವುದಕ್ಕೆ ಕಾದ. ಅವನು ಅವಸರ ಮಾಡುವುದಿಲ್ಲ ಎಂಬುದನ್ನು ಶಾಂತಲಾ ಗಮನಿಸಿದಳು. ಮೆಷಿನ್ ಗುಂಯ್‌ಗುಟ್ಟಿತು. ಮೊದಲ ಗೆರೆ ಮಣಿಕಟ್ಟಿನಿಂದ ಮೇಲಕ್ಕೆ ನೇರವಾಗಿ ಹೋಯಿತು. ಇಷ್ಟು ಹೊತ್ತು ಬಾಗಿಲ ಹತ್ತಿರವೇ ನಿಂತಿದ್ದ ಲೈಬಾ, ಒಂದು ವಿಡಿಯೊ ಮಾಡಲೇ ಎಂದು ಕೇಳಿದಳು. ಶಾಂತಲಾ ಮಾಡು ಎಂದಳು. ಹುಡುಗಿ ಹತ್ತಿರ ಬಂದು, ಫೋನನ್ನು ಬಗ್ಗಿಸಿ ಅಣ್ಣನ ಸೂಜಿಯ ಮೇಲೆ ಹಿಡಿದಳು. ಈಗ ಅವಳ ದನಿಯಲ್ಲಿ ಮೊದಲಿನ ಚೂಪಿರಲಿಲ್ಲ.

“ಮುಖ ಬರಲ್ಲ ಮೇಡಂ. ಕೈ ಮಾತ್ರ ತೆಗೀತೀನಿ. ಯಾರು ಅಂತ ಗೊತ್ತಾಗಲ್ಲ.”

ಶಾಂತಲಾ ಬಲಗೈಯನ್ನು ಅಲುಗಿಸದೆ ಎಡಗೈ ಚಾಚಿದಳು. ಫೋನಿನ ತುದಿ ಹಿಡಿದು, ತನ್ನ ಮುಖ ಪೂರ್ತಿ ಬರುವಷ್ಟು ಮೇಲಕ್ಕೆ ತಿರುಗಿಸಿದಳು.